ಹೊಲಿದವಳೇ ಮೊದಲು ಕೂರಬೇಕು

ಜನವರಿ ೯, ಗುರುವಾರ

ತಂಗಿಗೆ ಕಾಗದ ಬರೆಯೋಣವೆಂದು ಕೂತೆ. ಕೂತೆ ಅನ್ನುವುದೇ ಸುಳ್ಳು, ಅಡುಗೆಮನೆಯ ಕಟ್ಟೆಗೆ ಮೊಣಕೈ ಊರಿ ನಿಂತೇ ಬರೆಯುತ್ತಿದ್ದೇನೆ. "ನಾವೆಲ್ಲ ಕ್ಷೇಮ" ಎಂಬ ಸಾಲು ಬಿದ್ದ ಮೇಲೆ ಕೈ ಮುಂದೆ ಹೋಗಲಿಲ್ಲ. ತವರಿಗೆ ದೊಡ್ಡವಳು ನಾನು. ಮಗುವಿನ ಕೆಮ್ಮಿಗೆ ಏನು ಮಾಡಬೇಕು, ಗಂಡನ ಮುನಿಸಿಗೆ ಏನು ಮಾಡಬೇಕು ಎಂದು ತಂಗಿ ತಮ್ಮಂದಿರಿಗೆ ಬುದ್ಧಿ ಹೇಳಿಕೊಂಡೇ ಇಷ್ಟು ವರ್ಷ ಕಳೆದಿದ್ದೇನೆ. ಓದಿದ್ದು ಕಡಿಮೆಯಾದರೂ ಬರೆದಿದ್ದಕ್ಕೆ ಲೆಕ್ಕವಿಲ್ಲ. ಇದನ್ನು ಮಾತ್ರ ಯಾರಿಗೆ, ಯಾವ ಬಾಯಲ್ಲಿ ಬರೆಯಲಿ? ಆ ಹಾಳೆ ಮಡಚಿಟ್ಟು ಇದನ್ನು ತೆಗೆದೆ. ಯಾರಿಗೂ ಅಲ್ಲದ ಕಾಗದಕ್ಕೆ ನಾಚಿಕೆ ಇಲ್ಲ.

ನನಗೀಗ ಆರು ತಿಂಗಳು. ಮೊದಲ ಬಸಿರು, ಅದೂ ಮೊಮ್ಮಕ್ಕಳನ್ನು ಎತ್ತುವವರ ಸಾಲಿಗೆ ಹತ್ತಿರವಾದ ವಯಸ್ಸಿನಲ್ಲಿ. ಬೇಡದ ದೇವರಿಲ್ಲ, ಮಾಡದ ಔಷಧಿ ಇಲ್ಲ. ಕೊನೆಗೆ ಬಂತು. ಬಂದದ್ದು ಒಂದೇ ಅಲ್ಲ. ಹೋದ ವಾರದಿಂದ ಅಲ್ಲಿ, ಹಿಂದೆ, ಇನ್ನೊಂದು ಹೊರಗೆ ಬಂದು ಕೂತಿದೆ.

ಅಂಗೈ ಹುಣ್ಣಿಗೆ ಕನ್ನಡಿ ಬೇಡ ಅನ್ನುತ್ತಾರೆ. ಈ ಹುಣ್ಣು ಅಂಗೈಯಲ್ಲಿಲ್ಲವಲ್ಲ. ಬಾಗಿಲಿಗೆ ಚಿಲಕ ಹಾಕಿ, ಇವರು ಗಡ್ಡ ಹೆರೆಯುವ ಕನ್ನಡಿಯನ್ನು ನೆಲದ ಮೇಲಿಟ್ಟು, ಈ ಹೊಟ್ಟೆ ಹೊತ್ತುಕೊಂಡು ಕಪ್ಪೆಯ ಹಾಗೆ ಕುಕ್ಕರಿಸಿ ನೋಡಿದೆ. ನೋಡಬಾರದಿತ್ತು. ಕಪ್ಪು ದ್ರಾಕ್ಷಿಯಂಥದ್ದು, ಹೊಳೆಯುವಂಥದ್ದು. ಅಲ್ಲೇ ವಾಂತಿ ಬಂತು. ಕನ್ನಡಿಯನ್ನು ಮೂರು ಸಲ ಸೋಪು ಹಾಕಿ ತೊಳೆದೆ. ಇವರು ಬೆಳಿಗ್ಗೆ ಅದರಲ್ಲೇ ಮುಖ ನೋಡಿಕೊಂಡು ಸಿಳ್ಳೆ ಹಾಕುತ್ತಿದ್ದರು. ಥೂ.

ಜನವರಿ ೧೩, ಸೋಮವಾರ

ಅಂಟಿನ ವಾಸನೆ ಇವತ್ತು ತಲೆಗೇ ಏರಿತು. ನಮ್ಮದು ಸೀಟು ಹೊಲಿಯುವ ಕಾರ್ಖಾನೆ. ಬಸ್ಸಿಗೆ, ಲಾರಿಗೆ, ಸಿನಿಮಾ ಮಂದಿರಕ್ಕೆ. ಸ್ಪಂಜು ಕತ್ತರಿಸುವವರು ಆ ತುದಿಗೆ, ಮರಕ್ಕೆ ಮೊಳೆ ಹೊಡೆಯುವವರು ಈ ತುದಿಗೆ, ನಡುವೆ ನಾವು ಹೆಂಗಸರು ರೆಕ್ಸಿನ್ನಿಗೆ ಮಷಿನ್ ಓಡಿಸುತ್ತೇವೆ. ಸ್ಪಂಜಿನ ಪುಡಿ ಮೂಗಿಗೆ, ಬಾಯಿಗೆ, ಟೀ ಲೋಟಕ್ಕೆ. ಇಷ್ಟು ವರ್ಷ ಅದರ ವಾಸನೆಯೇ ಗೊತ್ತಾಗುತ್ತಿರಲಿಲ್ಲ. ಈಗ ಪಕ್ಕದ ಮಷಿನ್ನಿನವಳು ಬಾಯಿ ತೆರೆದರೆ ಅವಳು ನಿನ್ನೆ ಏನು ತಿಂದಳೆಂದು ಹೇಳಬಲ್ಲೆ.

ಅವಳನ್ನು ನಾವು ಸೂಜಿ ಅನ್ನುತ್ತೇವೆ. ಮೈಯೂ ಹಾಗೇ, ನಾಲಿಗೆಯೂ ಹಾಗೇ. ನಾನು ಒಂದು ಪಕ್ಕಕ್ಕೆ ವಾಲಿ ಹೊಲಿಯುವುದನ್ನು ನೋಡಿ, "ಏನಕ್ಕಾ, ಮಗು ಸ್ಟೇರಿಂಗ್ ತಿರುಗಿಸ್ತಿದ್ಯಾ?" ಅಂದಳು. ಎಲ್ಲರೂ ನಕ್ಕರು. ನಾನೂ ನಕ್ಕೆ. ನಕ್ಕರೂ ಅಲ್ಲಿ ಚುಚ್ಚುತ್ತದೆ.

ಮುಳ್ಳಿನ ಮೇಲೆ ಕೂತ ಹಾಗೆ ಎಂದು ಬಾಯಿಮಾತಿಗೆ ಎಷ್ಟು ಸಲ ಅಂದಿದ್ದೇನೋ. ಊರಿನ ಕುಂಡಿಗೆಲ್ಲ ಮೆತ್ತೆ ಹೊಲಿಯುವವಳಿಗೆ ತಾನು ಕೂರಲು ಗತಿಯಿಲ್ಲ.

ಇದಕ್ಕಿಂತ ದೊಡ್ಡ ಗಂಡಾಂತರ ನಮ್ಮ ಕಾರ್ಖಾನೆಯ ನಿಯಮ. ಸೀಟು ಮುಗಿದರೆ ಹೊಲಿದವಳೇ ಮೇಸ್ತ್ರಿಯ ಎದುರು ಮೊದಲು ಕೂರಬೇಕು. ಸುಮ್ಮನೆ ಕೂತರಾಗದು, ಕುಕ್ಕಬೇಕು, ಎಡಕ್ಕೆ ಬಲಕ್ಕೆ ಹೊರಳಬೇಕು. ಹೊಲಿಗೆ ಎಲ್ಲಿ ಎಳೆಯುತ್ತದೆ, ಎಲ್ಲಿ ಕಿರುಗುಟ್ಟುತ್ತದೆ ಎಂದು ಅವನು ಕಿವಿಗೊಟ್ಟು ಕೇಳುತ್ತಾನೆ. ನಿನ್ನ ಕುಂಡಿಗೆ ಸರಿಬರದ್ದು ದುಡ್ಡು ಕೊಟ್ಟವನ ಕುಂಡಿಗೆ ಹೇಗೆ ಸರಿಬರುತ್ತೆ ಎಂಬುದು ಅವನ ಮಂತ್ರ. ಇವತ್ತು ಸೂಜಿಯನ್ನು ಪುಸಲಾಯಿಸಿ ನನ್ನ ಸೀಟುಗಳ ಮೇಲೆ ಅವಳನ್ನೇ ಕೂರಿಸಿದೆ. ಬಸುರಿ ಎಂದು ಮೇಸ್ತ್ರಿ ನೋಡಿಯೂ ನೋಡದವನಂತೆ ಇದ್ದ.

ಜನವರಿ ೧೬, ಗುರುವಾರ

ಮನೆಯಲ್ಲಿರುವುದು ಒಂದೇ ಕಕ್ಕಸು. ಅದು ನಮ್ಮ ಮಾವನ ಸಿಂಹಾಸನ.

ಇವರಿಗೆ ಬ್ರೆಡ್ ಫ್ಯಾಕ್ಟರಿಯಲ್ಲಿ ಪಾಳಿ ಕೆಲಸ, ಕೆಲವು ದಿನ ಹಗಲು ಕೆಲವು ದಿನ ರಾತ್ರಿ. ಹೀಗಾಗಿ ಮನೆಯಲ್ಲಿ ಹೆಚ್ಚು ಹೊತ್ತು ನನ್ನ ಕಣ್ಣಿಗೆ ಬೀಳುವುದು ಮಾವನೇ. ದೂರದ ಬಸ್ಸು ಓಡಿಸಿ ನಿವೃತ್ತರಾದವರು. ಅತ್ತೆ ನಾನು ಬರುವ ಮೊದಲೇ ತೀರಿಕೊಂಡಿದ್ದರು. ಬೆಳಿಗ್ಗೆ ನಾನು ಕೆಲಸಕ್ಕೆ ಓಡುವ ಹೊತ್ತಿಗೆ ಸರಿಯಾಗಿ ಒಳಗೆ ಸೇರಿಕೊಂಡರೆ ಮುಗಿಯಿತು. ನಲ್ಲಿ ಬಿಟ್ಟುಕೊಂಡು, ಗಂಟಲು ಕೀಳುವ ಹಾಗೆ ಕೆಮ್ಮುತ್ತಾ. ಕೆಮ್ಮೋ ಘರ್ಜನೆಯೋ. ಹೊರಗೆ ನಾನು ಹೊಟ್ಟೆ ಹಿಡಿದುಕೊಂಡು ಕಾಲು ಬದಲಿಸುತ್ತಾ ನಿಂತಿರುತ್ತೇನೆ. ಬಾಗಿಲು ತೆರೆದರೆ ಒಂದು ವಾಸನೆ: ಕರ್ಪೂರ, ಎಣ್ಣೆ, ಇನ್ನೇನೋ ಹಳಸಿದ್ದು. ಕಟ್ಟಿಸಿದ ಹಲ್ಲನ್ನು ಲೋಟದಲ್ಲಿಟ್ಟು ಬೇಸಿನ್ನಿನ ಮೇಲೆ ಬಿಟ್ಟಿರುತ್ತಾರೆ, ಅದು ನನ್ನನ್ನು ನೋಡಿ ನಗುತ್ತಿರುತ್ತದೆ. ಅವರ ಟವೆಲಂತೂ ನಾನು ಕೈಯಲ್ಲಿ ಮುಟ್ಟುವುದಿಲ್ಲ. ಬಟ್ಟೆ ಒಗೆಯುವ ದಿನ ಕೋಲಿನಲ್ಲಿ ಎತ್ತಿ ಬೇರೆ ನೆನೆಹಾಕುತ್ತೇನೆ.

ಮನುಷ್ಯನಿಗೆ ವಯಸ್ಸಾದರೆ ಇಷ್ಟೊಂದು ಅಸಹ್ಯವಾಗಬೇಕೇ? ತನ್ನ ತಟ್ಟೆಯ ಹೆಗ್ಗಣ ಬಿಟ್ಟು ಪರರ ತಟ್ಟೆಯ ನೊಣ ಎಣಿಸಬೇಡ ಎಂದು ಅಮ್ಮ ಹೇಳುತ್ತಿದ್ದಳು. ಹೆಗ್ಗಣ ನನ್ನ ತಟ್ಟೆಯಲ್ಲೂ ಇದೆ, ಒಪ್ಪಿದೆ. ನಾನದನ್ನು ಊರಿಗೆಲ್ಲ ಕೆಮ್ಮಿ ಹೇಳುತ್ತಿಲ್ಲವಲ್ಲ.

ಜನವರಿ ೧೮, ಶನಿವಾರ

ರಕ್ತ.

ಮೊದಲು ಎದೆ ಒಡೆದುಹೋಯಿತು, ಮಗುವಿನದ್ದೇ ಎಂದುಕೊಂಡೆ. ಅಲ್ಲ. ಹಿಂದಿನದ್ದು. ಗಾಜು ಹಡೆದ ಹಾಗಿತ್ತು. ಇದಕ್ಕಿಂತ ಹೋಗದಿರುವುದೇ ಮೇಲು.

ಜನವರಿ ೨೨, ಬುಧವಾರ

ಒಂದು ಉಪಾಯ ಸಿಕ್ಕಿದೆ. ಒಳಗೆ ಹಾಕದಿದ್ದರೆ ಹೊರಗೆ ಬರುವುದೂ ಇಲ್ಲ. ಬೆಳಿಗ್ಗೆ ಟೀ, ಬ್ರೆಡ್ಡು. ಸಾಯಂಕಾಲ ಟೀ, ಬ್ರೆಡ್ಡು. ಇವರು ಫ್ಯಾಕ್ಟರಿಯಿಂದ ತಂದ ಬಿಳಿ ಬ್ರೆಡ್ಡು ಹತ್ತಿಯ ಹಾಗೆ, ಹೊಟ್ಟೆಯಲ್ಲಿ ಜಾಗ ಹಿಡಿಯುವುದಿಲ್ಲ. ನೀರೂ ಕಡಿಮೆ. ಊಟಕ್ಕೆ ಮೂವರೂ ಕೂತಾಗ ತಟ್ಟೆಯಲ್ಲಿ ಕಲಸಿ ಕಲಸಿ ಅಂಚಿಗೆ ಸರಿಸಿ ಎದ್ದುಬಿಡುತ್ತೇನೆ. ಬಸುರಿಗೆ ಸೇರುತ್ತಿಲ್ಲ ಎಂದರೆ ಯಾವ ಗಂಡಸೂ ಮರುಪ್ರಶ್ನೆ ಕೇಳುವುದಿಲ್ಲ. ಇವರು ಪಾಪ, ಹಣ್ಣು ತಂದು ರಾಶಿ ಹಾಕುತ್ತಾರೆ. ನಿನ್ನೆ ಕಪ್ಪು ದ್ರಾಕ್ಷಿ ತಂದಿದ್ದರು. ನೋಡಿದ ಕೂಡಲೇ ಬಚ್ಚಲಿಗೆ ಓಡಿದೆ.

ಕಬ್ಬಿಣದ ಮಾತ್ರೆ ನುಂಗಿದರೆ ಕಲ್ಲೇ ಗತಿ. ಒಂದು ದಿನ ಬಿಟ್ಟು ಒಂದು ದಿನ ತೆಗೆದುಕೊಳ್ಳುತ್ತಿದ್ದೇನೆ.

ಇನ್ನೊಂದು ಕೆಲಸವನ್ನೂ ಮಾಡಿದೆ. ಕಾರ್ಖಾನೆಯಲ್ಲಿ ಬಿದ್ದಿದ್ದ ತುಂಡು ಸ್ಪಂಜಿನಿಂದ ಒಂದು ಮೆತ್ತೆ ಮಾಡಿಕೊಂಡೆ, ನಡುವೆ ತೂತು. ಎಲ್ಲಿ ಒತ್ತುತ್ತದೋ ಅಲ್ಲಿ ಸ್ಪಂಜು ತೆಗೆ, ಇದು ನಮ್ಮ ಕಸುಬಿನ ಮೊದಲ ಪಾಠ. ತೂತಿನ ಅಂಚಿಗೆ ದಾರ ತುಂಬಿದ ಪೈಪಿಂಗ್ ಪಟ್ಟಿ ಕೊಟ್ಟು, ನೀಲಿ ರೆಕ್ಸಿನ್ ಎಳೆದು ಕೂರಿಸಿದ್ದೇನೆ. ಒಂದು ಸುಕ್ಕಿಲ್ಲ. ಸೊಂಟನೋವಿಗೆ ಎಂದು ಸೂಜಿಗೆ ಹೇಳಿದೆ. ಇಷ್ಟು ಚೆಂದದ ಕೆಲಸ ನಾನು ಮಾಡಿ ವರ್ಷವಾಗಿತ್ತು. ಅದರ ಮೇಲೆ ಕೂತರೆ ಮಾತ್ರ ದ್ರಾಕ್ಷಿ ಇನ್ನೂ ಜೋತುಬಿದ್ದ ಹಾಗೆ ಆಗುತ್ತದೆ. ಅಭ್ಯಾಸವಾಗಬೇಕೇನೋ.

ಜನವರಿ ೩೦, ಗುರುವಾರ

ಡಾಕ್ಟರಮ್ಮ ಹೊಟ್ಟೆಗೆ ಟೇಪು ಹಿಡಿದು ಅಳೆದರು. ಮತ್ತೊಮ್ಮೆ ಅಳೆದರು. ಹೋದ ಸಲದ ಅಳತೆಯನ್ನು ನೋಡಿದರು. ಮಗು ಬೆಳೆದಿಲ್ಲ. ಬೆಳೆದಿದ್ದರೂ ಬೆಳೆಯಬೇಕಾದಷ್ಟು ಇಲ್ಲ. ಎದೆಬಡಿತ ಚೆನ್ನಾಗಿದೆಯಂತೆ, ನನಗೂ ಕೇಳಿಸಿದರು, ಓಡುವ ಕುದುರೆಯಂತಿತ್ತು. ನನ್ನ ತೂಕ ಮಾತ್ರ ಇಳಿದಿದೆ.

ಸರಿಯಾಗಿ ಊಟ ಮಾಡ್ತಿದ್ದೀಯಾ ಎಂದರು. ಮಾಡುತ್ತಿದ್ದೇನೆ ಎಂದೆ. ಹೊಟ್ಟೆ ಕಟ್ಟುತ್ತಾ, ಬೇರೇನಾದರೂ ತೊಂದರೆ ಇದೆಯಾ ಎಂದರು. ಪಕ್ಕದಲ್ಲಿ ನರ್ಸು, ಪರದೆಯಾಚೆ ಇನ್ನೂ ನಾಲ್ಕು ಬಸುರಿಯರು, ಅವರ ಗಂಡಂದಿರು. ಏನೂ ಇಲ್ಲ ಎಂದೆ. ಎರಡು ವಾರ ಬಿಟ್ಟು ಬಾ, ಆಗಲೂ ಹೀಗೇ ಇದ್ದರೆ ಆಸ್ಪತ್ರೆಯಲ್ಲೇ ಮಲಗಿಸಬೇಕಾಗುತ್ತೆ, ಮಗುವನ್ನು ಬೇಗ ತೆಗೆಯಬೇಕಾಗಿ ಬಂದರೂ ಬರಬಹುದು ಎಂದು ಹೇಳಿ ಕಳಿಸಿದರು.

ಎಷ್ಟು ವರ್ಷ ಕಾದು ಬಂದ ಮಗು. ಅದನ್ನು ನಾನೇ ಉಪವಾಸ ಕೆಡವಿದ್ದೇನೆ. ಒಂದು ದ್ರಾಕ್ಷಿಗೆ ಹೆದರಿ.

ಫೆಬ್ರವರಿ ೧, ಶನಿವಾರ

ತಿಂದೆ. ಎರಡು ದಿನ ಹಠ ಹಿಡಿದು ತಿಂದೆ. ಇವತ್ತು ಬೆಳಿಗ್ಗೆ ಒಳಗೆ ಹೋದವಳು ಗೋಡೆಗೆ ತಲೆ ಒತ್ತಿ ಅತ್ತುಬಿಟ್ಟೆ. ಹೊರಗೆ ಕೇಳಿಸಬಾರದೆಂದು ನಲ್ಲಿ ಬಿಟ್ಟು ಕೆಮ್ಮಿದೆ. ಮತ್ತೆ ರಕ್ತ. ಮಧ್ಯಾಹ್ನದ ಊಟ ಎಂದಿನಂತೆ ಬೀದಿ ನಾಯಿಗೆ ಹಾಕಿದೆ. ನಾಯಿ ದುಂಡಗಾಗುತ್ತಿದೆ.

ಫೆಬ್ರವರಿ ೪, ಮಂಗಳವಾರ

ಇವತ್ತಿನದನ್ನು ಬರೆಯಲೂ ಹೇಸಿಗೆ. ಬರೆಯದಿದ್ದರೆ ತಲೆ ಸಿಡಿಯುತ್ತದೆ.

ನನ್ನ ಎರಡು ಸೀಟು ವಾಪಸು ಬಂದವು, ಹಿಂದಿನ ಮೂಲೆಯ ಹೊಲಿಗೆ ಬಿಚ್ಚಿಕೊಂಡಿತ್ತು. ಸೂಜಿಯ ಮೈಭಾರಕ್ಕೆ ಬಿಚ್ಚದ್ದು ನನ್ನ ಭಾರಕ್ಕೆ ಅವತ್ತೇ ಬಿಚ್ಚುತ್ತಿತ್ತು. ಮೇಸ್ತ್ರಿಗೆ ಅರ್ಥವಾಯಿತು. ಎಲ್ಲರ ಎದುರಿಗೆ ಹೊಸ ಸೀಟು ತಂದಿಟ್ಟು, "ಹೊಲಿದವಳೇ ಕೂರಬೇಕು. ಕೂತ್ಕೋ ನೋಡೋಣ," ಅಂದ. ಕೂತೆ. ಕುಕ್ಕು ಅಂದ. ಕುಕ್ಕಿದೆ. ಕಣ್ಣು ಕತ್ತಲೆ ಬಂತು, ತುಟಿ ಕಚ್ಚಿದ್ದಕ್ಕೆ ರಕ್ತದ ರುಚಿ. ಅಲ್ಲೂ ಒದ್ದೆಯಾಗಿದ್ದು ಗೊತ್ತಾಯಿತು. ಕೆಂಪು ರೆಕ್ಸಿನ್ ಆದ್ದರಿಂದ ಮಾನ ಉಳಿಯಿತು. ನನ್ನ ಮುಖ ನೋಡಿ ಅವನೇ ಹೆದರಿ, ಮನೆಗೆ ಹೋಗಿ ಮಲಗು ಅಂದ. ಸೂಜಿ ಬಾಗಿಲವರೆಗೆ ಕೈ ಹಿಡಿದು ಬಂದಳು. ಒಂದು ಮಾತೂ ಚುಚ್ಚಲಿಲ್ಲ, ಅದು ಇನ್ನೂ ಕಷ್ಟವಾಯಿತು.

ಮಧ್ಯಾಹ್ನ. ಯಾರೂ ನಿರೀಕ್ಷಿಸದ ಹೊತ್ತಿಗೆ ಮನೆಯ ಬಾಗಿಲು ತಳ್ಳಿದೆ. ಬಚ್ಚಲಿನ ಬಾಗಿಲು ಅರ್ಧ ತೆರೆದಿತ್ತು. ಒಳಗೆ ಹಬೆ. ಹಬೆಯ ನಡುವೆ ನಮ್ಮ ಮಾವ, ಸೊಂಟಕ್ಕೆ ಟವೆಲ್ ಸುತ್ತಿ, ಮೊಣಕಾಲು ಎದೆಗೆ ಸೇರಿಸಿ, ಟಬ್ಬಿನಲ್ಲಿ ಕೂತಿದ್ದಾರೆ. ಹಳದಿ ಟಬ್ಬು. ಹುಟ್ಟುವ ಮಗುವಿಗೆ ನೀರೆರೆಯಲು ನಾನು ಆರಿಸಿ ತಂದು ಅಟ್ಟದ ಮೇಲೆ ಇಟ್ಟಿದ್ದ, ಬಾತುಕೋಳಿ ಚಿತ್ರದ ಟಬ್ಬು.

ಬಾತುಕೋಳಿಗಳ ನಡುವೆ ಮುದುಕ.

ಅವರು ಕಣ್ಣು ಮುಚ್ಚಿ, ತಲೆ ಗೋಡೆಗೆ ಒರಗಿಸಿ, ಎಷ್ಟು ಸುಖದಲ್ಲಿದ್ದರೆಂದರೆ ನನಗೆ ಮೈಯೆಲ್ಲ ಉರಿದುಹೋಯಿತು. ನನ್ನ ಗಂಟಲಿನಿಂದ ಏನು ಸದ್ದು ಬಂತೋ, ಕಣ್ಣು ಬಿಟ್ಟರು. ಹಲ್ಲು ಕಟ್ಟಿಕೊಂಡಿರಲಿಲ್ಲ.

"ಬಾಗಿಲು ಹಾಕ್ಕೊಳಮ್ಮ," ಎಂದರು, ತೊದಲುತ್ತಾ.

ಹಾಕಿದೆ. ಕೋಣೆಗೆ ಬಂದು ಮಂಚದ ಮೇಲೆ ಕವುಚಿ ಮಲಗಲು ಹೋದೆ, ಹೊಟ್ಟೆ ಬಿಡಲಿಲ್ಲ. ಪಕ್ಕಕ್ಕೆ ತಿರುಗಿ ಗೋಡೆ ನೋಡುತ್ತಾ ಮಲಗಿದೆ. ಆ ಟಬ್ಬನ್ನು ನಾಳೆ ಸುಟ್ಟುಬಿಡುತ್ತೇನೆ.

ಫೆಬ್ರವರಿ ೫, ಬುಧವಾರ

ಮನೆಯಲ್ಲಿ ಮಾತಿಲ್ಲ. ಇವರು ನನ್ನ ಮುಖ ನೋಡುತ್ತಾರೆ, ಅಪ್ಪನ ಮುಖ ನೋಡುತ್ತಾರೆ, ಏನಾಯ್ತು ಎನ್ನುತ್ತಾರೆ. ಇಬ್ಬರೂ ಒಟ್ಟಿಗೆ ಏನಿಲ್ಲ ಅಂದೆವು. ಒಟ್ಟಿಗೆ ಅಂದದ್ದು ಇನ್ನೂ ಮೈ ಉರಿಸಿತು.

ಮೇಸ್ತ್ರಿ ಎರಡು ದಿನ ರಜೆ ಕೊಟ್ಟಿದ್ದಾನೆ. ಇವರು ಕೆಲಸಕ್ಕೆ ಹೋದ ಮೇಲೆ ಮಾವ ಚಪ್ಪಲಿ ಮೆಟ್ಟಿ ಹೊರಗೆ ಹೋದವರು ಹೊಸ ಟಬ್ಬು ಹೊತ್ತುಕೊಂಡು ಬಂದರು. ಅದಕ್ಕೆ ಮೀನಿನ ಚಿತ್ರ. ಬಾತುಕೋಳಿ ಸಿಗಲಿಲ್ಲ ಎಂದರು. ಅದನ್ನು ಹಜಾರದ ನಡುವೆ ಇಟ್ಟು, ತಾವು ಬಾಗಿಲ ಹತ್ತಿರ, ನನ್ನ ಕಡೆ ಬೆನ್ನು ಹಾಕಿ, ಬೀದಿ ನೋಡುತ್ತಾ ನಿಂತರು. ಬಸ್ಸು ಓಡಿಸುವಾಗ ಹಿಂದಿನವರ ಜೊತೆ ಮಾತಾಡುವ ಹಾಗೆ, ತಿರುಗದೆ ಮಾತಾಡಿದರು.

"ಸೀಟಿನ ಮೇಲೆ ಬಾಳು ಕಳೆದವನು ನಾನು. ಯಾರು ಹೇಗೆ ಕೂತ್ರೆ ಏನು ಕಾಯಿಲೆ ಅಂತ ಕನ್ನಡೀಲಿ ನೋಡೇ ಹೇಳ್ತೀನಿ. ನೀನು ಒಂದು ತಿಂಗಳಿಂದ ಬಲಗಡೆಗೇ ವಾಲ್ತಿದ್ದೀಯ."

ನಾನು ಥಟ್ಟನೆ ನೆಟ್ಟಗಾದೆ.

"ಹೆದರಿ ಊಟ ಬಿಟ್ಟಿದ್ದೀಯ. ನಾನೂ ಬಿಟ್ಟಿದ್ದೆ. ನಿಮ್ಮತ್ತೆ ಇದ್ದಾಗಲೇ. ಅವಳಿಗೂ ಹೇಳಲಿಲ್ಲ, ನಿನ್ನ ಗಂಡನಿಗೂ ಗೊತ್ತಿಲ್ಲ. ಆಗ ಒಣಗಿ ಹೋದದ್ದು ನಾನೊಬ್ಬನೇ. ನೀನು ಒಬ್ಬಳಲ್ಲ."

ಆಮೇಲೆ ಬೇಗ ಬೇಗ ಹೇಳಿ ಮುಗಿಸಿದರು. ಬಾತುಕೋಳಿ ಟಬ್ಬು ತಿಕ್ಕಿ ತೊಳೆದು ಬಿಸಿಲಿಗೆ ಇಟ್ಟಿದ್ದಾರಂತೆ. ಉಗುರು ಬೆಚ್ಚಗಿನ ನೀರು, ಸುಡುವಂಥದ್ದಲ್ಲ, ಸ್ವಲ್ಪ ಹೊತ್ತು ಕೂತೆದ್ದರೆ ಸಾಕಂತೆ. ತಮ್ಮ ಮುಲಾಮು ಮಾತ್ರ ಮುಟ್ಟಬಾರದು, ಬಸುರಿಗೆ ಯಾವುದು ಆಗುತ್ತೋ ಯಾವುದು ಆಗದೋ. ಬಿಸಿನೀರಿಗೆ ಯಾರ ಅಪ್ಪಣೆಯೂ ಬೇಡ. ಟಬ್ಬು ನೋವು ತೆಗೆಯುತ್ತೆ, ಮಗುವಿಗೆ ಊಟ ಹಾಕೋದಿಲ್ಲ, ಅದಕ್ಕೆ ಡಾಕ್ಟರ ಹತ್ತಿರ ಬಾಯಿ ಬಿಡಲೇಬೇಕು.

ಇಷ್ಟು ಹೇಳಿ ಬೀದಿಗಿಳಿದು ಹೋದರು. ನನಗೆ ನೆಲ ಬಾಯಿ ಬಿಟ್ಟರೆ ಸಾಕಾಗಿತ್ತು. ಮಾವನಿಗೆ ನನ್ನ ಕುಂಡಿಯ ಸಮಾಚಾರ ಗೊತ್ತಿದೆ. ಒಂದು ತಿಂಗಳಿಂದ. ಇನ್ನು ಈ ಮನೆಯಲ್ಲಿ ಹೇಗೆ ತಲೆಯೆತ್ತಿ ಓಡಾಡಲಿ?

ಫೆಬ್ರವರಿ ೮, ಶನಿವಾರ

ಕೂತೆ. ಬಾತುಕೋಳಿಯಲ್ಲೇ. ಮೊದಲು ನಾನೊಮ್ಮೆ ಕುದಿಯುವ ನೀರು ಹಾಕಿ ತೊಳೆದೆ, ಆಮೇಲೂ ಒಳಗೆ ಇಳಿಯುವಾಗ ಮೈ ಜುಮ್ಮೆಂದಿತು. ಇದರಲ್ಲಿ ಅವರು ಕೂತಿದ್ದರು ಎಂಬ ಯೋಚನೆ ಬಂದು ವಾಕರಿಕೆ. ಆಮೇಲೆ ಬೆಚ್ಚಗಾಯಿತು. ಆಮೇಲೆ ಏನು ಯೋಚನೆ ಮಾಡುತ್ತಿದ್ದೆನೋ ಮರೆತುಹೋಯಿತು. ತಲೆ ಗೋಡೆಗೆ ಒರಗಿಸಿ ಕಣ್ಣು ಮುಚ್ಚಿದ್ದೆ. ಒಳಗಿನ ಮಗು ಒಮ್ಮೆ ಹೊರಳಿ ಒದ್ದಿತು, ತನಗೂ ಸ್ವಲ್ಪ ಬಿಸಿ ತಾಗಿತೆಂಬಂತೆ.

ಊಟಕ್ಕೆ ಮಾತ್ರ ಇನ್ನೂ ಧೈರ್ಯವಿಲ್ಲ. ಅರ್ಧ ತಿಂದು ಎದ್ದೆ. ಮಾವ ನನ್ನ ತಟ್ಟೆ ನೋಡಿದರು. ಅವರು ಊಟ ಮಾಡುವಾಗ ಮಾಡುವ ಚಪ್ಪರಿಕೆ ಇದೆಯಲ್ಲ, ಅದು ಹಾಗೇ ಇದೆ. ಕಿವಿಗೆ ಸೀಸ ಹೊಯ್ದ ಹಾಗೆ.

ಫೆಬ್ರವರಿ ೧೩, ಗುರುವಾರ

ಇವರಿಗೆ ಹಗಲು ಪಾಳಿ. ಆಸ್ಪತ್ರೆಗೆ ನಾನು ಬರುತ್ತೇನೆ ಎಂದು ಮಾವ ಹೊರಟು ನಿಂತರು. ಇಸ್ತ್ರಿ ಅಂಗಿ, ಹಲ್ಲು ಕಟ್ಟಿಕೊಂಡು. ದಾರಿಯುದ್ದಕ್ಕೂ ಬಸ್ಸಿನಲ್ಲಿ ಇಬ್ಬರೂ ನಿಂತೇ ಹೋದೆವು. ಸೀಟು ಖಾಲಿ ಇದೆ ಎಂದು ಕಂಡಕ್ಟರು ಎರಡು ಸಲ ಹೇಳಿದ. ನಾವು ಒಬ್ಬರನ್ನೊಬ್ಬರು ನೋಡಲಿಲ್ಲ.

ಮತ್ತೆ ಟೇಪು. ಹಿಂದಿನಷ್ಟೇ. ಡಾಕ್ಟರಮ್ಮನ ಮುಖ ಗಟ್ಟಿಯಾಯಿತು. ಇವತ್ತೇ ಮಲಗಿಸುತ್ತೇನೆ ಎಂದು ಚೀಟಿ ಎಳೆದುಕೊಂಡರು. ಏನು ತಿನ್ನುತ್ತೀಯ ನಿಜ ಹೇಳು ಎಂದರು. ಬ್ರೆಡ್ಡು, ಟೀ ಎಂದೆ. ಯಾಕೆ ಎಂದರು. ಬಾಯಿ ತೆರೆದೆ. ಮಾತು ಬಿಸಿ ತುಪ್ಪವಾಯಿತು, ನುಂಗುವ ಹಾಗಿಲ್ಲ ಉಗುಳುವ ಹಾಗಿಲ್ಲ. "ವಾಕರಿಕೆ," ಅಂದುಬಿಟ್ಟೆ.

ಪರದೆಯ ಆ ಕಡೆಯಿಂದ ಕೆಮ್ಮು. ಬೆಳಿಗ್ಗೆ ಬೆಳಿಗ್ಗೆ ಕೇಳಿ ಕೇಳಿ ನನಗೆ ಬಾಯಿಪಾಠವಾದ ಅದೇ ಕೆಮ್ಮು. ಪರದೆ ಸರಿಸಿ ಮಾವ ಒಳಗೆ ಬಂದು ಕೈ ಕಟ್ಟಿ ನಿಂತರು.

"ಡಾಕ್ಟರೇ, ನನಗೆ ಮೂಲವ್ಯಾಧಿ ಇದೆ."

ಹೊರಗೆ ಬೆಂಚಿನ ಮೇಲಿದ್ದವರಿಗೂ ಕೇಳಿಸಿರಬೇಕು, ಅಲ್ಲಿಯ ಗುಸುಗುಸು ನಿಂತಿತು. ನರ್ಸು ಫೈಲಿನಲ್ಲಿ ಮುಖ ಮುಚ್ಚಿಕೊಂಡಳು.

"ತಾತ, ನಾನು ಬಸುರಿಯರನ್ನ ನೋಡೋ ಡಾಕ್ಟರು," ಎಂದರು ಡಾಕ್ಟರಮ್ಮ.

"ಗೊತ್ತು. ಆ ಕಾಯಿಲೆಗೆ ಹೆದರಿ ಮನುಷ್ಯ ಊಟ ಬಿಟ್ಟುಬಿಡ್ತಾನೆ. ನಾನು ಬಿಟ್ಟಿದ್ದೆ. ಅಷ್ಟೇ ಹೇಳೋಣ ಅಂತ ಬಂದೆ." ಕಿವಿಯ ತುದಿಯವರೆಗೆ ಕೆಂಪಾಗಿದ್ದರು. ನನ್ನ ಹೆಸರೆತ್ತಲಿಲ್ಲ, ನನ್ನ ಕಡೆ ನೋಡಲೂ ಇಲ್ಲ. ಹೆಂಡತಿಗೂ ಮಗನಿಗೂ ಮುಚ್ಚಿಟ್ಟದ್ದನ್ನು ಅಷ್ಟು ಜನರ ನಡುವೆ ಇಟ್ಟು, ಅದರ ಪಕ್ಕದಲ್ಲಿ ನಿಂತುಕೊಂಡಿದ್ದರು. ನರ್ಸಿನ ಭುಜ ಇನ್ನೂ ಕುಲುಕುತ್ತಿತ್ತು.

ನನಗೆ ಎಲ್ಲಿಂದ ಸಿಟ್ಟು ಬಂತೋ. ನಗೋದೇನಿದೆ ಎಂದು ನರ್ಸಿಗೆ ಅಂದೆ. ಆಮೇಲೆ ಡಾಕ್ಟರಮ್ಮನಿಗೆ ಹೇಳಿದೆ. "ಅವರದ್ದು ಹಳೇದು. ನನ್ನದು ಹೊಸದು. ರಕ್ತವೂ ಹೋಗ್ತಿದೆ."

ಮಾವ ಪರದೆ ಎಳೆದು ಹೊರಗೆ ಹೋದರು.

ಡಾಕ್ಟರಮ್ಮ ನೋಡಿದರು. ಕೈಗವಸು ಹಾಕಿಕೊಂಡು, ಚಪ್ಪಲಿಯ ಉಂಗುಷ್ಠ ನೋಡುವ ಚಮ್ಮಾರನಷ್ಟೇ ನಿರಾಳವಾಗಿ. ಬಸುರಿಯರಲ್ಲಿ ಇದು ನೆಗಡಿಯಷ್ಟು ಸಾಮಾನ್ಯವಂತೆ, ಮಗುವಿನ ಭಾರಕ್ಕೆ ನರ ಉಬ್ಬುತ್ತದಂತೆ, ಹೆರಿಗೆಯಾದ ಮೇಲೆ ಬಹಳ ಜನಕ್ಕೆ ತಾನಾಗಿ ಕುಗ್ಗುತ್ತದಂತೆ. ರಕ್ತ ಕಂಡ ದಿನವೇ ಬರಬೇಕಿತ್ತು ಎಂದು ಬೈದರು. ಬ್ರೆಡ್ಡು, ಟೀ, ನೀರಿಲ್ಲದ ಹೊಟ್ಟೆ, ಇದೇ ಅದನ್ನು ಕಲ್ಲು ಮಾಡಿದ್ದಂತೆ. ನಾನು ಹೆದರಿ ಮಾಡಿದ ಉಪಾಯವೇ ನನಗೆ ಉರುಳಾಗಿತ್ತು. ಮಲ ಮೆದುವಾಗಲು ಒಂದು ಔಷಧಿ, ಹಚ್ಚಲು ಒಂದು ಮುಲಾಮು, ಬೇರೆ ಬಗೆಯ ಕಬ್ಬಿಣದ ಮಾತ್ರೆ. ಸೊಪ್ಪು, ಹಣ್ಣು, ಕೊಡ ನೀರು. ಬಿಸಿನೀರಿನ ಟಬ್ಬು ಬಿಡಬೇಡ ಎಂದರು. ನನ್ನ ತೂತಿನ ಮೆತ್ತೆಯ ವಿಷಯ ಹೆಮ್ಮೆಯಿಂದ ಹೇಳಿದೆ. ಮೊದಲು ಅದನ್ನು ಬಿಸಾಕು, ತೂತಿನಲ್ಲಿ ಜೋತುಬಿದ್ದರೆ ರಕ್ತ ಅಲ್ಲೇ ಇಳಿದು ನಿಲ್ಲುತ್ತೆ ಅಂದರು. ಅಷ್ಟು ಚೆಂದದ ಪೈಪಿಂಗು.

ಎರಡು ವಾರ ಕೊಟ್ಟಿದ್ದಾರೆ. ಅಷ್ಟರಲ್ಲಿ ಟೇಪು ಏರಬೇಕು.

ಫೆಬ್ರವರಿ ೧೭, ಸೋಮವಾರ

ನೆನೆಸಿದ ಒಣದ್ರಾಕ್ಷಿ. ಇದಕ್ಕಿಂತ ಕ್ರೂರ ಔಷಧಿ ಲೋಕದಲ್ಲಿಲ್ಲ. ನೀರಿನಲ್ಲಿ ಉಬ್ಬಿ ಅದೇ ಆಕಾರಕ್ಕೆ ಬರುತ್ತದೆ. ಮಾವ ಬಟ್ಟಲು ತಂದು ಮುಂದೆ ಇಡುತ್ತಾರೆ, ತಾವೂ ಒಂದು ಬಟ್ಟಲು ಹಿಡಿದು ಎದುರಿಗೆ ನಿಲ್ಲುತ್ತಾರೆ. ಇಬ್ಬರೂ ಮುಖ ಕಿವುಚಿಕೊಂಡು ನುಂಗುತ್ತೇವೆ. ಇವರಿಗೆ ಈಗ ಎಲ್ಲ ಗೊತ್ತು, ನಾನೇ ಹೇಳಿದೆ. ಒಂದು ದಿನ ಪೂರ್ತಿ ಮುಖ ಊದಿಸಿಕೊಂಡಿದ್ದರು. ಯಾರ ಮೇಲೆ ಮುನಿಸೋ ನಾನು ಕೇಳಲಿಲ್ಲ. ಬಿಳಿ ಬ್ರೆಡ್ಡು ಮನೆಗೆ ಬರುವುದು ನಿಂತಿದೆ.

ಫೆಬ್ರವರಿ ೨೦, ಗುರುವಾರ

ಹೋಯಿತು. ಅಳದೆ, ರಕ್ತವಿಲ್ಲದೆ. ಹೊರಗೆ ಬಂದಾಗ ಮಾವ ಪತ್ರಿಕೆ ಹಿಡಿದುಕೊಂಡಿದ್ದರು, ತಲೆಕೆಳಗಾಗಿ. ಹ್ಞೂಂ ಅಂದೆ. ಅವರೂ ಹ್ಞೂಂ ಅಂದರು. ಮಧ್ಯಾಹ್ನ ಎರಡು ಸಲ ಬಡಿಸಿಕೊಂಡು ತಿಂದೆ. ನಾಯಿ ಬಾಗಿಲಲ್ಲಿ ಕಾದು ಕಾದು ಬೈದುಕೊಂಡು ಹೋಯಿತು.

ಫೆಬ್ರವರಿ ೨೭, ಗುರುವಾರ

ಟೇಪು ಏರಿದೆ. ಡಾಕ್ಟರಮ್ಮ ಎರಡನೇ ಸಲ ಅಳೆಯಲಿಲ್ಲ. ಮಲಗಿಸುವ ಮಾತೂ ಎತ್ತಲಿಲ್ಲ. ಇನ್ನೂ ಸ್ವಲ್ಪ ಹಿಂದಿದೆ, ಹೀಗೇ ಹೋದರೆ ಹಿಡಿದುಬಿಡುತ್ತದೆ ಅಂದರು. ನರ್ಸು ನನ್ನ ಕಣ್ಣಿಗೆ ಕಣ್ಣು ಕೊಡದೆ, ತಾತ ಹೇಗಿದ್ದಾರೆ ಎಂದು ಕೇಳಿದಳು.

ಮಾರ್ಚ್ ೧೪, ಶುಕ್ರವಾರ

ಕಾರ್ಖಾನೆಗೆ ಹೋಗುತ್ತಿದ್ದೇನೆ, ನಡುನಡುವೆ ಎದ್ದು ಓಡಾಡುತ್ತಾ. ಮೇಸ್ತ್ರಿಗೆ ಇದ್ದದ್ದನ್ನು ಇದ್ದ ಹಾಗೆ ಹೇಳಿದೆ. ಅವನ ಮುಖ ಬಿಳಿಚಿಕೊಂಡಿತು, ಸಾಕು ಸಾಕು ಅಂದ. ಸೂಜಿ ಮಾತ್ರ ಹತ್ತಿರ ಬಂದು ಸಣ್ಣ ದನಿಯಲ್ಲಿ, "ಅಕ್ಕಾ, ಎರಡನೇ ಹೆರಿಗೇಲಿ ನಂಗೂ ಆಗಿತ್ತು. ಗಂಡನಿಗೆ ಚೇಳು ಕಡಿದಿದೆ ಅಂತ ಹೇಳಿದ್ದೆ," ಅಂದಳು. ಮಷಿನ್ನಿನ ಮೇಲೆ ತಲೆಯಿಟ್ಟು ಇಬ್ಬರೂ ನಕ್ಕೆವು.

ಬೆಳಿಗ್ಗೆ ಈಗ ಸರದಿ ಇದೆ. ಮೊದಲು ನಾನು, ಆಮೇಲೆ ಮಾವ. ಅವರು ಒಳಗೆ ಹೋದಾಗ ಕೆಮ್ಮು ಹೆಚ್ಚಾದರೆ ನೀರು ಕಾಯಲು ಇಡುತ್ತೇನೆ. ನಿನ್ನೆ ಜೋರಾಗಿತ್ತು. ಹೊರಗೆ ಬಂದಾಗ ಮುಖ ಬೆವೆತು ಕಪ್ಪಾಗಿತ್ತು. ನೀವೂ ಡಾಕ್ಟರಿಗೆ ತೋರಿಸಬೇಕು, ಗಂಡಸರನ್ನು ನೋಡುವ ಡಾಕ್ಟರಿಗೆ ಎಂದೆ. ಈ ವಯಸ್ಸಿಗೆ ಯಾಕಮ್ಮ ಎಂದರು. ನಾನು ಜೊತೆಗೆ ಬರ್ತೀನಿ, ಪರದೆ ಹಿಂದೆ ನಿಂತು ಕೆಮ್ತೀನಿ ಎಂದೆ. ಸೋಮವಾರ ಹೊರಟಿದ್ದೇವೆ.

ಬಟ್ಟೆ ಒಗೆದೆ. ಅವರ ಟವೆಲಿನ ಅಂಚು ಬಿಚ್ಚಿಕೊಂಡಿತ್ತು, ಹೊಲಿದು ಹಾಕಿದೆ. ಬೇಸಿನ್ನಿನ ಮೇಲಿನ ಹಲ್ಲು ಇನ್ನೂ ನಗುತ್ತದೆ, ದರಿದ್ರದ್ದು.

ಏಪ್ರಿಲ್ ೨೮, ಸೋಮವಾರ

ಮಗ ಹುಟ್ಟಿದಾಗಿನಿಂದ ಪೆನ್ನು ಮುಟ್ಟಿಲ್ಲ. ಸಣ್ಣ ಮಗು, ಗಟ್ಟಿ ಮಗು ಎಂದರು ಡಾಕ್ಟರಮ್ಮ. ಹೆರಿಗೆಯಾದ ಮೇಲೆ ದ್ರಾಕ್ಷಿ ಒಂದು ವಾರ ಮೆರೆದಾಡಿ ಈಗ ಒಣದ್ರಾಕ್ಷಿಯಾಗಿದೆ. ಹೇಲು, ಉಚ್ಚೆ, ಹುಳಿ ಹಾಲು, ಇದೇ ನನ್ನ ದಿನ. ಮಗನನ್ನು ತೊಳೆಸುವುದು ಬಾತುಕೋಳಿಯಲ್ಲೋ ಮೀನಿನಲ್ಲೋ ಎಂಬುದು ಆಯಾ ಹೊತ್ತಿಗೆ ಯಾವುದು ಖಾಲಿ ಇದೆಯೋ ಅದರ ಮೇಲೆ. ತಂಗಿಗೂ ಬರೆದೆ, ಎಲ್ಲವನ್ನೂ, ಮೂರು ಹಾಳೆ. ಅವಳು ಏನೆಂದುಕೊಳ್ಳುತ್ತಾಳೋ ಅಂದುಕೊಳ್ಳಲಿ.

ಮಾವನಿಗೆ ಅವರ ಡಾಕ್ಟರು ಸಣ್ಣ ಆಪರೇಷನ್ ಮಾಡಿ ಕಳಿಸಿದ್ದಾರೆ. ಮೊದಲ ವಾರ ಟಬ್ಬಿಗೆ ಇಳಿಸಿ ಎಬ್ಬಿಸಲು ಇವರಿದ್ದಾಗ ಇವರು, ಇಲ್ಲದಾಗ ನಾನು. ಅವರಿಗೊಂದು ಮೆತ್ತೆ ಹೊಲಿದೆ, ಕಿಟಕಿಯ ಕುರ್ಚಿಗೆ. ತೂತಿಲ್ಲ. ಅಗಲದ್ದು, ಕೆಳಗೆ ಗಟ್ಟಿ ಸ್ಪಂಜು, ಮೇಲೆ ಮೆದು, ಮೂಲೆಗಳಿಗೆ ಎರಡು ಸಾಲು ಹೊಲಿಗೆ. ಸಾಯಂಕಾಲ ಹೊತ್ತಿಗೆ ಮುಗಿಯಿತು. ಮಾವ ಗೋಡೆ ಹಿಡಿದುಕೊಂಡು ಬಂದರು, ಹಿಂದಕ್ಕೆ ತಿರುಗಿ ಕೂರಲು ಹೊರಟರು. ತಡೆದೆ. ನಮ್ಮಲ್ಲಿ ಒಂದು ನಿಯಮ ಇದೆ ಮಾವ ಎಂದೆ.

ಮಗನನ್ನು ಎತ್ತಿಕೊಂಡು ಕೂತೆ. ಕುಕ್ಕಿದೆ. ಎಡಕ್ಕೆ ಹೊರಳಿದೆ, ಬಲಕ್ಕೆ ಹೊರಳಿದೆ. ಕಿರುಗುಟ್ಟಲಿಲ್ಲ. ಅಷ್ಟರಲ್ಲಿ ಮಡಿಲು ಬಿಸಿಯಾಯಿತು, ಹೊಸ ರೆಕ್ಸಿನ್ನಿನ ಮೇಲೆ ಹಳದಿ ಹರಿಯಿತು. ಥೂ ಕಳ್ಳ ಎಂದು ಮಾವನ ಹೆಗಲ ಮೇಲಿನ ಟವೆಲ್ಲನ್ನೇ ಎಳೆದು ಒರೆಸಿದೆ. ಆ ಟವೆಲ್ಲಿನಲ್ಲೇ ಅವನ ಬಾಯಿಯನ್ನೂ ಒರೆಸಿದೆನೇನೋ, ನೆನಪಿಲ್ಲ.

"ಆಯ್ತೇನಮ್ಮ? ನಾನು ಕೂರಬಹುದಾ?"

"ಒಂದು ಸ್ವಲ್ಪ ನಿಲ್ಲಿ ಮಾವ," ಎಂದೆ. "ಚೆನ್ನಾಗಿದೆ."

ಅವರು ಗೋಡೆ ಹಿಡಿದು ನಿಂತೇ ಇದ್ದಾರೆ. ನಾನು ಕೂತೇ ಬರೆಯುತ್ತಿದ್ದೇನೆ.